ತಲೆಯೆತ್ತದೆ ಕೊಟ್ಟ ತೀರ್ಪು

ಗಡಿಯಾರ ರಿಪೇರಿ ಮಾಡುವವರು ಸಾಮಾನ್ಯವಾಗಿ ಮಾತಿನಲ್ಲಿ ಜಿಪುಣರು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ತಿರುಪುಗಳ ಜೊತೆ ಜೀವನ ಮಾಡುವವರು ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ. ಆದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೊಲಿಗೆ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಮೈ ಮುದುಡಿಕೊಂಡು ಕೂತಿದ್ದ ಈ ಮನುಷ್ಯನ ಬಾಯಿಗೆ ಬೀಗವೇ ಇರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಬೋರ್ಡಿನ ಬಣ್ಣದ ಜೊತೆ ಮಾಸಿಹೋಗಿ, ಬೀದಿಯವರ ಬಾಯಲ್ಲಿ ಅವನು ಜಡ್ಜ್ ಆಗಿದ್ದ. ಕಾನೂನು ಓದಿದವನಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವನೂ ಅಲ್ಲ. ಹೊಸ ಫೋನು ಬಂತೆಂದರೆ, ಮಾತಾಡುವ ಫ್ರಿಜ್ಜು ಬಂತೆಂದರೆ, ಯಾವನೋ ನಟ ಯಾವಳನ್ನೋ ಬಿಟ್ಟನಂತೆ ಎಂದರೆ, ಅದರ ಮೇಲೆ ಕೂತಲ್ಲೇ ತೀರ್ಪು ಕೊಡುತ್ತಿದ್ದ, ಅಷ್ಟೇ.

ತೀರ್ಪಿಗೆ ಬೇಕಾದ ಸರಕು ಮೇಜಿನ ಮೇಲಿಂದಲೇ ಸಿಗುತ್ತಿತ್ತು. ತಿರುಪು ಬಿದ್ದರೆ ಕಾಣಲಿ ಎಂದು ಅವನು ದಿನಾ ಬೆಳಿಗ್ಗೆ ಮೇಜಿಗೆ ಒಂದು ಪತ್ರಿಕೆಯ ಹಾಳೆ ಹಾಸುತ್ತಿದ್ದ. ಔಷಧಿ ಅಂಗಡಿಯವನು ಓದಿ ಬಿಸಾಡಿದ ಪತ್ರಿಕೆ. ರಾಜಕೀಯದ ಪುಟದಲ್ಲಿ ಅಕ್ಷರಗಳ ಸಂತೆ, ತಿರುಪು ಕಳೆದುಹೋಗುತ್ತದೆ. ಫೋನು, ಸಿನಿಮಾಗಳ ಪುಟದಲ್ಲಿ ಖಾಲಿ ಜಾಗ ಹೆಚ್ಚು. ಹಾಗಾಗಿ ಇಪ್ಪತ್ತು ವರ್ಷದಿಂದ ಅದೇ ಪುಟ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ಬಗೆಯುತ್ತ, ಎಡಗಣ್ಣಿಗೆ ಬಿದ್ದಷ್ಟು ಸುದ್ದಿ ಓದಿಕೊಳ್ಳುತ್ತಿದ್ದ. ಅರ್ಧ ಸುದ್ದಿ ಚಿಮಟದ ಕೆಳಗೆ, ಕಾಲು ಭಾಗ ಎಣ್ಣೆ ಕಲೆಯ ಕೆಳಗೆ. ಉಳಿದದ್ದನ್ನು ಸ್ವಂತ ತಲೆಯಿಂದ ತುಂಬಿಸಿಕೊಳ್ಳುತ್ತಿದ್ದ.

“ಮಡಚೋ ಫೋನ್ ಬಂದಿದೆಯಂತಲ್ಲ ಜಡ್ಜ್ ಸಾಹೇಬ್ರೆ?” ಎಂದು ಎದುರಿನ ಸ್ಟೂಲಿನಿಂದ ನಿವೃತ್ತ ಅಂಚೆಯವನು ಕೇಳುತ್ತಿದ್ದ. ಕೆಲಸ ಮುಗಿಸಿ ಮನೆ ಸೇರಿದ ಮಾರನೇ ದಿನದಿಂದ ಆ ಸ್ಟೂಲು ಅವನದೇ.

“ಮಡಚೋಕೆ ಅದೇನು ಕರ್ಚೀಫಾ? ಮಡಚಿದ್ದೆಲ್ಲ ಒಂದಿನ ಮಡಚಿದ ಕಡೇನೇ ಹರಿಯುತ್ತೆ. ಮುಂದಿನ ಕೇಸು?”

“ಕಾರು ತನ್ನಷ್ಟಕ್ಕೆ ತಾನೇ ಓಡುತ್ತಂತೆ. ಡ್ರೈವರೇ ಬೇಡ್ವಂತೆ.”

“ಗುದ್ದಿದಾಗ ಬೈಸ್ಕೊಳ್ಳೋಕಾದ್ರೂ ಒಬ್ಬ ಬೇಕಲ್ರೀ. ಮುಂದಿನದು?”

ಆಗ ಹೊಲಿಗೆ ಅಂಗಡಿಯಾಕೆ ನಡುಗೋಡೆಯ ಕಿಂಡಿಯಿಂದ ಮುಖ ತೂರಿಸಿ, “ಆ ಹೀರೋ ಹೀರೋಯಿನ್ ಮಾತು ಬಿಟ್ಟಿದಾರಂತೆ. ಮುಖ ಕೂಡ ನೋಡಲ್ವಂತೆ,” ಎನ್ನುತ್ತಿದ್ದಳು.

“ಸಿನಿಮಾ ರಿಲೀಸ್ ಯಾವಾಗ?”

“ಮುಂದಿನ ತಿಂಗಳು.”

“ಹಾಗಾದ್ರೆ ಮುಂದಿನ ತಿಂಗಳವರೆಗೂ ನೋಡಲ್ಲ ಬಿಡಿ.”

ಇಷ್ಟೆಲ್ಲ ಆಗುವಾಗ ಜಡ್ಜ್ ತಲೆ ಮಾತ್ರ ಎತ್ತುತ್ತಿರಲಿಲ್ಲ. ಅದು ಜಂಬವಲ್ಲ, ಕಸುಬಿನ ನಿಯಮ. ತಲೆ ಎತ್ತಿದರೆ ಕಣ್ಣಿನ ಗಾಜು ಜಾರುತ್ತದೆ, ಚಿಮಟದ ತುದಿಯ ಕೂದಲೆಳೆ ಸ್ಪ್ರಿಂಗು ಹಾರುತ್ತದೆ, ಅರ್ಧ ದಿನದ ಕೆಲಸ ಗೋವಿಂದ. ಕೇಳಿದವರ ಮುಖ ನೋಡದೆಯೇ ಉತ್ತರ ಕೊಟ್ಟು ಕೊಟ್ಟು, ಮುಖ ನೋಡುವ ಅಗತ್ಯವೇ ಇಲ್ಲ ಎಂಬಂತಾಗಿತ್ತು. ಅವನಿಗೆ ಗಿರಾಕಿಗಳು ಗೊತ್ತಿದ್ದದ್ದು ದನಿಯಿಂದ ಮತ್ತು ಚಪ್ಪಲಿಯಿಂದ.

ಹೇಳಿದ್ದರಲ್ಲಿ ಹತ್ತಕ್ಕೆ ನಾಲ್ಕು ನಿಜವಾದರೆ ಹೆಚ್ಚು. ಆದರೆ ಜನ ನೆನಪಿಟ್ಟುಕೊಳ್ಳುವುದು ಆ ನಾಲ್ಕನ್ನೇ. ಒಮ್ಮೆ ಹೊಲಿಗೆ ಅಂಗಡಿಯಾಕೆಯ ನೀರು ಕಾಯಿಸುವ ಕೆಟಲನ್ನು ಕಂಪನಿಯವರು ದೋಷವಿದೆ ಎಂದು ವಾಪಸ್ ಕರೆದಿದ್ದರು. “ದೋಷಾನೂ ಇಲ್ಲ, ದೆವ್ವಾನೂ ಇಲ್ಲ. ವಾಪಸ್ ಕರೀತಾರೆ ಅಂದ್ರೆ ಹೊಸದು ಮಾರ್ತಾರೆ ಅಂತ ಅರ್ಥ,” ಎಂದು ಜಡ್ಜ್ ಹೇಳಿದ. ಆಕೆ ಕೊಡಲಿಲ್ಲ. ತನ್ನಲ್ಲಿದ್ದ ಅಂಥದೇ ಕೆಟಲನ್ನು ವಾಪಸ್ ಕೊಟ್ಟ ಔಷಧಿ ಅಂಗಡಿಯವನು ಅದಕ್ಕಿಂತ ದುಬಾರಿ ಕೆಟಲೊಂದನ್ನು ತಲೆಗೆ ಕಟ್ಟಿಸಿಕೊಂಡು ಬಂದ. ಅವಳ ಕೆಟಲು ಆಮೇಲೂ ಆರು ವರ್ಷ ಶಿಳ್ಳೆ ಹೊಡೆಯಿತು. ಪ್ರತಿ ಶಿಳ್ಳೆಗೂ ಜಡ್ಜನ ಕೀರ್ತಿ ಒಂದು ಗೇಣು ಬೆಳೆಯಿತು. ಬೀದಿಯಲ್ಲಿ ಆ ವಾಕ್ಯ ಗಾದೆಯಾಯಿತು.

ಈ ಜಡ್ಜನಿಗೆ ಒಬ್ಬಳೇ ತಂಗಿ. ಅಪ್ಪ ಅಮ್ಮ ಬೇಗ ಹೋದವರು. ಅವಳಿಗೆ ಜಡೆ ಹಾಕಿದ್ದೂ ಅವನೇ, ಮದುವೆ ಮಾಡಿದ್ದೂ ಅವನೇ. ಮಕ್ಕಳಾಗಲಿಲ್ಲ. ಗಂಡ ಕಟ್ಟಡದ ಕೆಲಸದಲ್ಲಿ ಕ್ರೇನ್ ನಡೆಸುತ್ತಿದ್ದವನು, ನಲವತ್ತನೇ ವಯಸ್ಸಿಗೆ ಮೂರ್ಛೆ ರೋಗ ಹತ್ತಿಕೊಂಡು ಮನೆ ಸೇರಿದ್ದ. ಎತ್ತರದಲ್ಲಿ ಕೂತು ಊರನ್ನೆಲ್ಲ ಕೆಳಗೆ ನೋಡುತ್ತಿದ್ದ ಮನುಷ್ಯ, ಈಗ ಮಂಚದ ಮೇಲೆ ಕೂತು ಫೋನಿನಲ್ಲಿ ಸಿನಿಮಾ ಸುದ್ದಿ ನೋಡುತ್ತಿದ್ದ. ಜಡ್ಜ್ ಏನನ್ನೂ ನಂಬದವನು, ಭಾವ ಎಲ್ಲವನ್ನೂ ನಂಬುವವನು. ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಭಾವ ಎಂದೇ. ದಿನಾ ಹನ್ನೊಂದು ಗಂಟೆಗೆ ಭಾವನ ಫೋನು ಬರಲೇಬೇಕು.

“ಭಾವ, ಕೇಳಿದ್ರಾ? ಆ ಹೀರೋಯಿನ್‌ಗೆ ಅವಳಿ ಮಕ್ಕಳಂತೆ!”

“ಹೋದ ತಿಂಗಳು ತಾನೇ ಅವಳು ಸನ್ಯಾಸ ತಗೊಂಡ್ಲು ಅಂದ್ರಿ.”

“ಅದು ಸುಳ್ಳಂತೆ ಭಾವ. ಇದು ನಿಜವಂತೆ.”

ಫೋನಿಟ್ಟ ಮೇಲೂ ಜಡ್ಜ್ ಸ್ವಲ್ಪ ಹೊತ್ತು ನಗುತ್ತಿದ್ದ. ಭಾವನಷ್ಟು ಅವನ ತೀರ್ಪನ್ನು ತಲೆಮೇಲೆ ಹೊತ್ತವರು ಇನ್ನೊಬ್ಬರಿರಲಿಲ್ಲ. “ನಮ್ಮ ಭಾವ ಹೇಳಿದ ಮೇಲೆ ಮುಗೀತು,” ಎಂದು ಆತ ಡಾಕ್ಟರ ಎದುರೂ ಹೇಳಿದ್ದುಂಟು.

ತಂಗಿ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಅತ್ತೆ ಇದ್ದರು. ಆದರೆ ಅತ್ತೆಯ ಕಿವಿ ಅಷ್ಟಕ್ಕಷ್ಟೆ; ಪಕ್ಕದ ಕೋಣೆಯಲ್ಲಿ ಪಾತ್ರೆ ಉರುಳಿದರೂ ಟಿವಿಯ ಕಡೆಗೇ ಮುಖ. ಅದಕ್ಕೇ ಆಸ್ಪತ್ರೆಯವರು ಹೇಳಿದರೆಂದು ಗಂಡನ ಕೈಗೆ ಒಂದು ಬ್ಯಾಂಡ್ ಕಟ್ಟಿಸಿದಳು. ಹಾಕಿಕೊಂಡವರು ಬಿದ್ದರೆ ಅದು ತಾನೇ ತಿಳಿದುಕೊಂಡು ತಂಗಿಯ ಫೋನಿಗೆ ಕೂಗು ಕಳಿಸುತ್ತಿತ್ತು. ಎರಡು ಸಲ ಹಾಗೆ ಕೂಗಿ, ಅವಳು ಓಡಿಬಂದು, ಗಂಡ ಬದುಕಿದ್ದ. ಕಾರ್ಖಾನೆಯಲ್ಲಿ ಎಲ್ಲರ ಫೋನೂ ಬೀರುವಿನೊಳಗೆ. ಇವಳೊಬ್ಬಳಿಗೆ ಮಾತ್ರ ಮೇಲ್ವಿಚಾರಕಿ ವಿನಾಯಿತಿ ಕೊಟ್ಟಿದ್ದಳು. ಏಪ್ರನ್ನಿನ ಜೇಬಿನಲ್ಲಿ ಫೋನಿಟ್ಟುಕೊಂಡು, ಹೊಟ್ಟೆಗೆ ಅದು ತಾಗುತ್ತಿದೆಯೇ ಎಂದು ಮೊಣಕೈಯಿಂದ ಆಗಾಗ ಮುಟ್ಟಿ ನೋಡಿಕೊಳ್ಳುತ್ತ, ದಿನಕ್ಕೆ ನೂರಾರು ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಕೆಲಸ ಬೇಗ ಬಿಟ್ಟಿತೆಂದು ಅವಳು ಅಂಗಡಿಗೆ ಬಂದಳು. ಅವತ್ತು ಕೋರ್ಟು ತುಂಬಿತ್ತು. ಅಂಚೆಯವನು ಸ್ಟೂಲಿನಲ್ಲಿ, ಹೊಲಿಗೆಯಾಕೆ ಕಿಂಡಿಯಲ್ಲಿ, ಔಷಧಿ ಅಂಗಡಿಯವನು ಬಾಗಿಲಲ್ಲಿ. ಹೆಸರಾಂತ ನಟನೊಬ್ಬನ ತಲೆಗೂದಲು ಸ್ವಂತದ್ದೋ ತಂದದ್ದೋ ಎಂಬ ವಿಚಾರಣೆ ನಡೆದಿತ್ತು. ಜಡ್ಜನ ಚಿಮಟದ ತುದಿಯಲ್ಲಿ ಒಂದು ಹಳೇ ಕೈಗಡಿಯಾರದ ಸ್ಪ್ರಿಂಗು ನಡುಗುತ್ತಿತ್ತು.

“ಅಣ್ಣ, ಒಂದ್ ಮೆಸೇಜ್ ಬಂದಿದೆ ನೋಡು,” ಎಂದಳು ತಂಗಿ. “ಬ್ಯಾಂಡ್ ಕಂಪನಿಯಿಂದ. ಎಪ್ಪತ್ನಾಲ್ಕರಿಂದ ಶುರುವಾಗೋ ನಂಬರಿನ ಬ್ಯಾಂಡಲ್ಲಿ ಏನೋ ದೋಷ ಇದೆಯಂತೆ, ಕೂಗದೇ ಇರಬಹುದಂತೆ. ತಂದುಕೊಟ್ರೆ ಬಿಟ್ಟಿ ಬದಲಾಯಿಸ್ತಾರಂತೆ. ನಂಬರ್ ಒಳಗಿರುತ್ತಂತೆ, ಬಿಚ್ಚಿದ್ರೇನೇ ಕಾಣೋದಂತೆ.”

“ಕೊಟ್ರೆ ಎಷ್ಟು ದಿನ ಇಟ್ಕೋತಾರಂತೆ?”

“ಒಂದು ವಾರ.”

“ನೋಡಿದ್ಯಾ! ಇರೋದನ್ನ ಕಿತ್ಕೊಂಡು ಒಂದು ವಾರ ಬರಿಗೈಲಿ ಕೂರಿಸ್ತಾರೆ. ಆಮೇಲೆ ಅದು ಸಿಗಲ್ಲ, ಇದು ತಗೊಳ್ಳಿ ಅಂತಾರೆ. ಎರಡು ಸಲ ಕೂಗಿದೆಯಲ್ಲ? ಕೂಗೋ ಬ್ಯಾಂಡ್‌ಗೆ ಏನು ದೋಷ? ವಾಪಸ್ ಕರೀತಾರೆ ಅಂದ್ರೆ ಹೊಸದು ಮಾರ್ತಾರೆ ಅಂತ.”

ಕೊನೆಯ ವಾಕ್ಯವನ್ನು ಕಿಂಡಿಯಿಂದ ಹೊಲಿಗೆಯಾಕೆಯೂ ಅವನ ಜೊತೆಗೇ ಹೇಳಿದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಿರಬೇಕು. ಅವನು ನೋಡಲಿಲ್ಲ, ಸ್ಪ್ರಿಂಗು ಆಗಷ್ಟೇ ತನ್ನ ಜಾಗಕ್ಕೆ ಇಳಿಯುತ್ತಿತ್ತು. “ಮುಂದಿನ ಕೇಸು?” ಎಂದ.

ಹದಿನೇಳನೇ ದಿನ, ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಭಾವ ಬಚ್ಚಲಲ್ಲಿ ಬಿದ್ದ. ಬಾಗಿಲು ಒಳಗಿನಿಂದ ಹಾಕಿತ್ತು. ಅತ್ತೆ ಟಿವಿಯ ಮುಂದಿದ್ದರು. ತಂಗಿಯ ಏಪ್ರನ್ನಿನಲ್ಲಿದ್ದ ಫೋನು ಇಡೀ ಬೆಳಿಗ್ಗೆ ಕಮಕ್ ಕಿಮಕ್ ಅನ್ನಲಿಲ್ಲ. ಹನ್ನೊಂದಕ್ಕೆ ಭಾವನ ಕರೆ ಬರಲಿಲ್ಲವೆಂದು ಜಡ್ಜ್ ಒಮ್ಮೆ ಗೋಡೆಯ ಗಡಿಯಾರ ನೋಡಿಕೊಂಡ, ನಿದ್ದೆ ಹೋಗಿರಬೇಕು ಎಂದುಕೊಂಡ. ಒಂದೂವರೆಗೆ ಮಗನನ್ನು ಊಟಕ್ಕೆ ಕರೆಯಲು ಎದ್ದ ಅತ್ತೆ ಬಚ್ಚಲ ಬಾಗಿಲು ತಟ್ಟಿದರು. ಮೊದಲ ಗಂಟೆಯಲ್ಲೇ ತಂದಿದ್ದರೆ ಉಳಿಸಬಹುದಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಡಾಕ್ಟರುಗಳು ಅಂಥ ಮಾತನ್ನು ಯಾಕಾದರೂ ಹೇಳುತ್ತಾರೋ! ಉಳಿದವರಿಗೆ ಅದು ಜೀವಮಾನವಿಡೀ ಗಂಟಲಿನ ಮುಳ್ಳು.

ಒಂಬತ್ತನೇ ದಿನ ತಂಗಿ ಆ ಬ್ಯಾಂಡನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟಳು. “ಯಾಕೆ ಕೂಗ್ಲಿಲ್ಲ ಅಂತ ನೋಡು ಅಣ್ಣ. ನಿಂಗೆ ಗೊತ್ತಾಗುತ್ತೆ,” ಎಂದಳು.

ಅವಳು ಹೋದ ಮೇಲೆ ಜಡ್ಜ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕೂತ. ಅಂಚೆಯವನನ್ನೂ ಒಳಗೆ ಬಿಡಲಿಲ್ಲ. ಹಿಂಬದಿಯ ನಾಲ್ಕು ತಿರುಪು ಬಿಚ್ಚಿ, ಮುಚ್ಚಳ ಎಬ್ಬಿಸಿದ. ಒಳಗೆ ಉಗುರಿನಷ್ಟು ಚೀಟಿ. ಎಪ್ಪತ್ನಾಲ್ಕರಿಂದಲೇ ಶುರುವಾಗುವ ಸಂಖ್ಯೆ. ಬ್ಯಾಟರಿಗೆ ಮೀಟರ್ ಹಿಡಿದ. ಒಮ್ಮೆ ತುಂಬಿದರೆ ಮೂರು ವಾರ ತಡೆಯುವ ಬ್ಯಾಟರಿ, ಇನ್ನೂ ಸುಮಾರು ಅರ್ಧ ಉಳಿದಿತ್ತು. ತಂಗಿ ಪ್ರತಿ ಭಾನುವಾರ ತಪ್ಪದೆ ಚಾರ್ಜ್ ಮಾಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಆಮೇಲೆ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಳಗಿನ ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತ ಹೋದ. ಕೂಗು ಕಳಿಸುವ ತುಂಡಿನ ಹತ್ತಿರ ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಕೂದಲಿಗಿಂತ ಸಣ್ಣ ಬಿರುಕು. ಒಂದು ನಿಮಿಷ ಕಾದ ಕಡ್ಡಿ ತಾಗಿಸಿದ್ದರೆ ಸರಿಹೋಗುತ್ತಿತ್ತು, ಅವನೇ ಮಾಡಬಹುದಿತ್ತು. ಅವತ್ತು ತಂಗಿಯ ಮೆಸೇಜನ್ನು ಓದಿ, ಬ್ಯಾಂಡನ್ನು ತಾ ನೋಡೋಣ ಎಂದಿದ್ದರೆ ಸಾಕಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಅವನು ಗಾಜು ತೆಗೆದಿಟ್ಟು ಅತ್ತ. ಐವತ್ತೆಂಟು ವರ್ಷದ ಗಂಡಸು, ಸದ್ದು ಪಕ್ಕದ ಕಿಂಡಿಗೆ ಕೇಳದಿರಲಿ ಎಂದು ಗಡಿಯಾರ ಒರೆಸುವ ಬಟ್ಟೆ ಬಾಯಿಗೆ ತುರುಕಿಕೊಂಡು ಅತ್ತ.

ಹೇಳಿಬಿಡಬೇಕು ಎಂದುಕೊಂಡೇ ಸಂಜೆ ತಂಗಿಯ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಒಳಗೆ ಕಾಲಿಟ್ಟದ್ದೇ ತಡ, ಮಂಚದಿಂದ ಅತ್ತೆ ಕೇಳಿದರು: “ಏನಪ್ಪಾ, ಬಿಚ್ಚಿ ನೋಡಿದ್ಯಾ? ಯಾಕೆ ಕೂಗ್ಲಿಲ್ಲವಂತೆ ಅದು?”

ಮಗನನ್ನು ಕಳಕೊಂಡ ಮುದುಕಿಯ ಕಣ್ಣು ನೇರ ಅವನ ಮುಖದ ಮೇಲಿತ್ತು. ಅವನ ಬಾಯಿ ಅವನ ಅಪ್ಪಣೆ ಕೇಳಲಿಲ್ಲ. ಇಪ್ಪತ್ತು ವರ್ಷ ಕೇಳಿದ ತಕ್ಷಣ ಉತ್ತರ ಕೊಟ್ಟು ರೂಢಿಯಾದ ಬಾಯಿ ಅದು.

“ಚಾರ್ಜ್ ಇರ್ಲಿಲ್ಲ ಅಂತ ಕಾಣುತ್ತೆ ಅಮ್ಮ.”

ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಯಿತು, ಮುದುಕಿಗೆ ಕೇಳಿಸಿರಲಿಲ್ಲ. ಅತ್ತೆ ನಿಧಾನವಾಗಿ ಸೊಸೆಯ ಕಡೆ ತಿರುಗಿದರು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಣ್ಣನನ್ನೇ ಒಂದು ಗಳಿಗೆ ನೋಡಿದಳು. ಇಲ್ಲ ಅನ್ನಲಿಲ್ಲ, ನಾನು ಹಾಕಿದ್ದೆ ಅನ್ನಲಿಲ್ಲ. ಒಳಗೆ ಹೋಗಿ ಒಲೆ ಆರಿಸಿದಳು. ಅವಳಿಗೇ ತನ್ನ ನೆನಪಿನ ಮೇಲೆ ಅನುಮಾನ ಬಂದಿರಬೇಕು ಎಂದು ಜಡ್ಜ್ ತನಗೆ ತಾನೇ ಹೇಳಿಕೊಂಡ. ಹೇಡಿಗೆ ನೆಪಗಳು ಕರೆಯದೆಯೇ ಬರುತ್ತವೆ.

ಮಾರನೇ ದಿನ ಅವನು ಅಂಚೆಯವನನ್ನು ಕೆದಕಿ ನೋಡಿದ. “ಹೋದ ತಿಂಗಳು ಒಂದು ಶನಿವಾರ ನನ್ನ ತಂಗಿ ಬಂದಿದ್ಲಲ್ಲ, ಅವತ್ತು ನಾನೇನು ಹೇಳ್ದೆ ಜ್ಞಾಪಕ ಇದೆಯಾ?”

ಅಂಚೆಯವನು ಗಲ್ಲ ಕೆರೆದುಕೊಂಡ. “ಇಲ್ದೇ ಏನು? ಆ ನಟನ ಕೂದಲ ವಿಷ್ಯ! ‘ಕೂದಲು ಅವನದೇ, ಆದ್ರೆ ಮೊದಲು ಇನ್ಯಾರದೋ ಆಗಿತ್ತು’ ಅಂದ್ರಲ್ಲ ಸಾಹೇಬ್ರೆ! ನಾನು ಮನೆಗೆ ಹೋಗಿ ನಮ್ಮವಳಿಗೂ ಹೇಳ್ದೆ, ಬಿದ್ದು ಬಿದ್ದು ನಕ್ಲು.”

“ಅದಲ್ಲದೆ ಬೇರೇನಾದ್ರೂ?”

“ಬೇರೇನು? ನಿಮ್ಮ ತಂಗಿ ಬಂದಿದ್ರಾ ಅವತ್ತು?”

ಹೊಲಿಗೆಯಾಕೆಗೂ ನೆನಪಿರಲಿಲ್ಲ. ಅವನ ಜೊತೆ ದನಿಗೂಡಿಸಿ ಆ ವಾಕ್ಯ ಹೇಳಿದವಳೇ ಅವಳು. ಆದರೆ ಅದನ್ನು ಅವಳು ತಿಂಗಳಿಗೆ ಹತ್ತು ಸಲ ಹೇಳುತ್ತಿದ್ದಳು. ಜಡ್ಜನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಭಯವಾಯಿತು. ಒಂದು ಜೀವ ತೆಗೆದ ಮಾತು ಇದೇ ಸ್ಟೂಲಿನ ಎದುರು ಆಡಿದ್ದು, ಮೂರು ಜನ ಕೇಳಿದ್ದು, ಅದು ಗಾಳಿಯಲ್ಲಿ ಹೊಗೆಯಂತೆ ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅವನ ಮಾತು ಹೋಗಿರಲಿಲ್ಲ. ಬೇರೆಯವರ ತಲೆಯಿಂದ ಹೋಗಿ ಅವನೊಬ್ಬನ ತಲೆಯಲ್ಲಿ ಮನೆ ಮಾಡಿತ್ತು.

ಕೋರ್ಟು ಅಲ್ಲಿಗೆ ಮುಚ್ಚಿತು. ಯಾರಾದರೂ ಹೊಸ ಫೋನಿನ ಬಗ್ಗೆ ಕೇಳಿದರೆ, “ನಂಗೊತ್ತಿಲ್ಲ. ಅಂಗಡಿಯವರನ್ನ ಕೇಳಿ,” ಎನ್ನುತ್ತಿದ್ದ. ಸಿನಿಮಾದವರ ವಿಷಯ ತೆಗೆದರೆ ಉತ್ತರವೇ ಇಲ್ಲ. ಮೇಜಿಗೆ ಪತ್ರಿಕೆ ಬಿಟ್ಟು ಬಿಳಿ ಬಟ್ಟೆ ಹಾಸತೊಡಗಿದ. ಭಾವನ ಸಾವು ಪಾಪ ಅವನನ್ನು ಕುಗ್ಗಿಸಿದೆ ಎಂದು ಬೀದಿ ಮಾತಾಡಿಕೊಂಡಿತು. ಅಂಚೆಯವನು ಒಂದು ವಾರ ಸ್ಟೂಲಿನಲ್ಲಿ ಮೌನವಾಗಿ ಕೂತು ನೋಡಿ, ಹೊಟ್ಟೆ ತುಂಬದೆ, ಕೊನೆಗೆ ಬಸ್ ನಿಲ್ದಾಣದ ಚಹಾ ಅಂಗಡಿಗೆ ವಲಸೆ ಹೋದ.

ಅತ್ತ ಅತ್ತೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. “ಒಂದು ವೈರ್ ಸಿಕ್ಕಿಸೋಕೆ ನೆನಪಾಗ್ಲಿಲ್ಲ ಈ ಮಹಾತಾಯಿಗೆ. ಅವಳ ಅಣ್ಣನೇ ಹೇಳಿದ, ನಾನಲ್ಲ.” ಕೆಟ್ಟ ಹೆಂಗಸೇನಲ್ಲ ಆಕೆ. ನಾಲ್ಕು ಗಂಟೆ ಕಾಲ ಹತ್ತು ಹೆಜ್ಜೆ ದೂರದಲ್ಲಿ ಮಗ ಬಿದ್ದಿದ್ದ, ತನಗೆ ಕೇಳಲಿಲ್ಲ ಎಂಬ ಬೆಂಕಿ ಎಲ್ಲಾದರೂ ಹೊರಗೆ ಬರಲೇಬೇಕಿತ್ತು. ಹೊರಗೆ ಬರಲು ಜಡ್ಜ್ ದಾರಿ ಮಾಡಿಕೊಟ್ಟಿದ್ದ. ಮಾತು ಕಾರ್ಖಾನೆಯವರೆಗೂ ಹೋಯಿತು. ಊಟದ ಹೊತ್ತಿಗೆ ತಂಗಿ ಕೂತ ಬೆಂಚಿನಲ್ಲಿ ಜಾಗ ಖಾಲಿ ಉಳಿಯತೊಡಗಿತು.

ಅವಳು ಪ್ರತಿ ಭಾನುವಾರ ಅಣ್ಣನ ಮನೆಗೆ ಬರುತ್ತಿದ್ದಳು. ಬೆಳಿಗ್ಗೆ ಬಂದು, ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ಕೂತು, ಹೆಚ್ಚು ಮಾತಿಲ್ಲದೆ ತರಕಾರಿ ಹೆಚ್ಚಿಕೊಟ್ಟು, ಉಂಡು, ನಡುಮನೆಯ ಚಾಪೆಯ ಮೇಲೆ ಮಲಗಿಬಿಡುತ್ತಿದ್ದಳು. ಎರಡು ಮೂರು ಗಂಟೆ ಸತ್ತವಳಂತೆ ನಿದ್ದೆ. “ಅಲ್ಲಿ ರಾತ್ರಿಯಿಡೀ ಕಣ್ಣು ಮುಚ್ಚಲ್ವಂತೆ ರೀ. ವಾರಕ್ಕೆಲ್ಲ ಆಗೋವಷ್ಟು ಇಲ್ಲೇ ಮಲಗ್ತಾಳೆ,” ಎಂದು ಜಡ್ಜನ ಹೆಂಡತಿ ಹೊದಿಕೆ ತಂದು ಹೊದಿಸುತ್ತಿದ್ದಳು. ಜಡ್ಜ್ ಕುರ್ಚಿಯಲ್ಲಿ ಕೂತು ತಂಗಿಯ ಮುಖ ನೋಡುತ್ತಿದ್ದ. ಎಷ್ಟೋ ವರ್ಷದ ಮೇಲೆ ಅವನು ಒಬ್ಬರ ಮುಖವನ್ನು ಅಷ್ಟು ಹೊತ್ತು ನೋಡಿದ್ದು. ಕೆನ್ನೆ ಒಳಗೆ ಹೋಗಿತ್ತು. ನಿದ್ದೆಯಲ್ಲೂ ಮೊಣಕೈ ಹೊಟ್ಟೆಯ ಹತ್ತಿರ ಏನನ್ನೋ ಮುಟ್ಟಿ ಮುಟ್ಟಿ ನೋಡುತ್ತಿತ್ತು.

ಮೂರನೇ ತಿಂಗಳ ಒಂದು ಭಾನುವಾರ ಅವಳು ಹೊರಡುವಾಗ, “ಕೆಲ್ಸ ಬಿಟ್ಬಿಡೋಣ ಅಂತಿದೀನಿ ಅಣ್ಣ. ಅಲ್ಲಿ ಎಲ್ಲ ಒಂಥರಾ ನೋಡ್ತಾರೆ,” ಎಂದಳು. ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದಳು. ಜಡ್ಜನಿಗೆ ಇನ್ನು ತಡೆಯಲಾಗಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ, ಸುಳ್ಳು ಹೇಳಿದ್ದನ್ನೂ ಸೇರಿಸಿ.

“ಹೇಳೋದಿದ್ರೆ ಅವಳೊಬ್ಬಳಿಗೇ ಹೇಳಿ,” ಎಂದಳು ಹೆಂಡತಿ. “ಆ ಮುದುಕಿ ಮುಂದೆ ಬೇಡ.”

“ಮುದುಕಿ ಮುಂದೆ ಹೇಳ್ದೇ ಇದ್ರೆ ಹೇಳಿ ಏನು ಬಂತು? ಬೈತಿರೋದು ಅವರಲ್ವಾ? ಅವಳ ಮೇಲಿನ ಅಪವಾದ ಇಳೀಬೇಕು ಅಂದ್ರೆ ಅವರ ಕಿವಿಗೇ ಬೀಳ್ಬೇಕು.”

“ನಿಮಗೆ ಬೇಗ ಹಗುರ ಆಗ್ಬೇಕು. ಅದಕ್ಕೆ ಅವಸರ. ಮೊದಲು ಅವಳನ್ನ ಒಂದು ಮಾತು ಕೇಳಿ.”

ಕೇಳಲಿಲ್ಲ. ಮಾರನೇ ದಿನ ಸಂಜೆ, ತಂಗಿ ಕೆಲಸದಿಂದ ಬರುವ ಹೊತ್ತು ನೋಡಿಕೊಂಡು ಹೋದ. ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕೂತ. ಟಿವಿ ಆರಿಸಿದ. ತಂಗಿ ಕೈ ಒರೆಸಿಕೊಳ್ಳುತ್ತ ಬಂದಳು; ಅವನ ಮುಖ ನೋಡಿದ್ದೇ ಅವಳ ಕೈ ನಿಂತಿತು. “ಅಣ್ಣ, ಬಾ ಇಲ್ಲಿ, ಒಳಗೆ ಬಾ,” ಎಂದು ಎರಡು ಸಲ ಕರೆದಳು. ಅವನು ಏಳಲಿಲ್ಲ. ಮುದುಕಿಗೆ ಕೇಳಲಿ ಎಂದು ಗಟ್ಟಿ ದನಿಯಲ್ಲಿ, ಪಕ್ಕದ ಮನೆಗೂ ಕೇಳುವಂತೆ ಹೇಳಿದ. ಬ್ಯಾಂಡಿನಲ್ಲಿ ಚಾರ್ಜ್ ಇತ್ತು. ಒಳಗೆ ದೋಷವಿತ್ತು. ಕಂಪನಿಯವರು ಮೊದಲೇ ತಿಳಿಸಿದ್ದರು. ಅವಳು ಬಂದು ಕೇಳಿದಳು. ಕೊಡಬೇಡ ಎಂದವನು ನಾನು. ಚಾರ್ಜ್ ಇರಲಿಲ್ಲ ಎಂದು ಸುಳ್ಳು ಹೇಳಿದವನೂ ನಾನೇ. ನಿಮ್ಮ ಸೊಸೆಯದು ಎಳ್ಳಷ್ಟೂ ತಪ್ಪಿಲ್ಲ.

ಅತ್ತೆ ಅವನನ್ನು ಬೈಯಲಿಲ್ಲ. ಬೈಗುಳಕ್ಕೆ ತಯಾರಾಗಿ ಬಂದಿದ್ದ ಅವನಿಗೆ ಅದೇ ಮೊದಲ ಏಟು. ಮುದುಕಿ ಸೊಸೆಯ ಕಡೆ ತಿರುಗಿ ಕೇಳಿದರು: “ನಿಂಗೆ ಇದೆಲ್ಲ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ.”

ಜಡ್ಜ್ ತಟ್ಟನೆ ತಂಗಿಯ ಕಡೆ ತಿರುಗಿದ.

“ಆಸ್ಪತ್ರೆಯಲ್ಲೇ ಮೆಸೇಜ್ ನೆನಪಾಯ್ತು,” ಎಂದಳು ತಂಗಿ. “ಭಾನುವಾರ ನಾನೇ ಚಾರ್ಜಿಗೆ ಹಾಕಿದ್ದೆ. ಅದೂ ಗೊತ್ತಿತ್ತು.”

“ಮತ್ತೆ ಯಾಕೆ ಸುಮ್ನಿದ್ದೆ? ಮೂರು ತಿಂಗಳಿಂದ ನನ್ನ ಬಾಯಲ್ಲಿ ಅಷ್ಟೆಲ್ಲ ಯಾಕೆ ಅನ್ನಿಸ್ಕೊಂಡೆ?”

ತಂಗಿ ಅಣ್ಣನ ಎದುರು ಬಂದು ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು.

“ನಂಗಿರೋದು ನಿನ್ನ ಮನೆ ಒಂದೇ ಅಣ್ಣ. ತವರು ಅಂತ ಇನ್ನೆಲ್ಲಿಗೆ ಹೋಗ್ಲಿ? ನಿಂಗೆ ಗೊತ್ತಿಲ್ಲ, ನಂಗೂ ಗೊತ್ತಿಲ್ಲ ಅಂದ್ಕೊಂಡು ಬರ್ತಿದ್ದೆ. ಅತ್ತಿಗೆ ಹೊದಿಸೋರು. ನಿದ್ದೆ ಬರ್ತಿತ್ತು. ಅದಕ್ಕೋಸ್ಕರ ಇಲ್ಲಿ ಎಷ್ಟು ಅನ್ನಿಸ್ಕೊಂಡ್ರೂ ತಡ್ಕೋತಿದ್ದೆ, ಸಾಯೋವರೆಗೂ ತಡ್ಕೋತಿದ್ದೆ. ಈಗ ಅವರ ಅಮ್ಮನ ಎದುರಿಗೇ ಹೇಳ್ಬಿಟ್ಟೆ. ಮಗನ್ನ ಕಳಕೊಂಡೋರನ್ನ ಇಲ್ಲಿ ಬಿಟ್ಟು, ಇನ್ನು ಭಾನುವಾರ ನಾನು ಯಾವ ಮುಖ ಇಟ್ಕೊಂಡು ನಿನ್ನ ಮನೇಲಿ ಉಂಡು ಮಲಗ್ಲಿ?”

“ನಿನ್ನ ಮೇಲಿನ ಅಪವಾದ ಹೋಗ್ಲಿ ಅಂತ…”

“ಅಪವಾದ ಹೋಯ್ತು. ಒಂದ್ಸಲ ನನ್ನ ಕೇಳ್ಬಾರದಿತ್ತಾ?”

ಅತ್ತೆ ಮಂಚದ ಮೇಲೆಯೇ ಜರುಗಿ ಸೊಸೆಗೆ ಜಾಗ ಮಾಡಿದರು, ಕೈ ಚಾಚಿ ಅವಳ ಭುಜ ಹಿಡಿದು ಎಳೆದುಕೊಂಡರು. ಮೂರು ತಿಂಗಳಲ್ಲಿ ಮೊದಲ ಸಲ ತಂಗಿ ಬಾಯಿಬಿಟ್ಟು ಅತ್ತಳು, ಮುದುಕಿಯ ಮಡಿಲಲ್ಲಿ. ಜಡ್ಜ್ ಎದ್ದು ನಿಂತ. ಆ ಇಬ್ಬರು ಹೆಂಗಸರ ನಡುವೆ ಅವನಿಗೆ ನಿಲ್ಲಲೂ ಜಾಗವಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಇಷ್ಟು ವರ್ಷದ ಅಭ್ಯಾಸದಂತೆ, “ಬರ್ತೀನಮ್ಮ,” ಎಂದ.

ತಂಗಿ ಮುಖ ಒರೆಸಿಕೊಂಡು ಅವನನ್ನು ನೋಡಿದಳು.

“ಬೇಡ ಅಣ್ಣ,” ಎಂದಳು. “ಹೋಗು.”